ಮಲಗಲೊಲ್ಲದ ಕಾಲು, ಬರಿದಾದ ಹಗೇವು

ಬೆಳಿಗ್ಗೆ ಏಳುವ ಹೊತ್ತಿಗೆ ಕೌದಿ ಮೈಮೇಲೆ ಇರುವುದಿಲ್ಲ. ಹೊರಸಿನ ಕಾಲ್ದೆಸೆಯಲ್ಲಿ ಮುದ್ದೆಯಾಗಿ ಬಿದ್ದಿರುತ್ತದೆ, ಇಲ್ಲವೇ ಪಕ್ಕದಲ್ಲಿ ಮಲಗಿದವರು ಅದನ್ನು ಕಸಿದುಕೊಂಡು ಗೋಡೆಗೆ ಮುಖ ಮಾಡಿರುತ್ತಾರೆ. ‘ರಾತ್ರಿ ಪೂರಾ ಒದ್ದೀ ನೋಡು’ ಎಂಬ ದೂರು ಮೊದಲ ಚಾದ ಜೊತೆಗೇ ಬರುತ್ತದೆ. ಒದ್ದವರಿಗೆ ಒದ್ದದ್ದು ನೆನಪಿಲ್ಲ. ನೆನಪಿರುವುದು ನಿದ್ದೆ ಹತ್ತುವ ಮೊದಲು ಎರಡು ತಾಸು ತಮ್ಮದೇ ಕಾಲಿನೊಂದಿಗೆ ನಡೆಸಿದ ಜಗಳ ಮಾತ್ರ.

ಆ ಜಗಳವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಕೊಪ್ಪಳ ಸೀಮೆಯಲ್ಲಿ ಕೇಳಿದರೆ ಒಬ್ಬರು ‘ಕಾಲ ಹರೀತಾವ’ ಎನ್ನುತ್ತಾರೆ, ಇನ್ನೊಬ್ಬರು ‘ಮೀನಖಂಡದಾಗ ಇರಿವಿ ಹರದಾಡಿದಂಗ ಆಗತೈತಿ’ ಎನ್ನುತ್ತಾರೆ, ಮತ್ತೊಬ್ಬರಿಗೆ ‘ಎಲುಬಿನ ಒಳಗ ಯಾರೋ ದಾರ ಎಳದಂಗ’. ನೋವು ಎನ್ನಲು ಪೂರಾ ನೋವಲ್ಲ. ಜೋಮು ಎನ್ನಲು ಜೋಮೂ ಅಲ್ಲ. ಒಂದು ಸಂಗತಿಯನ್ನು ಮಾತ್ರ ಎಲ್ಲರೂ ತಪ್ಪದೆ ಹೇಳುತ್ತಾರೆ: ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಗುರ, ಮತ್ತೆ ಬಂದು ಮಲಗಿದರೆ ಮತ್ತೆ ಶುರು. ಹೀಗಾಗಿ ಊರು ಮಲಗಿದ ಮೇಲೆ ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ಓಡಾಡುವವರು ಪ್ರತಿ ಓಣಿಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಮನೆಯವರು ಅದನ್ನು ಚಿಂತೆ ಎಂದುಕೊಳ್ಳುತ್ತಾರೆ. ಮಗಳ ಮದುವೆಯ ಚಿಂತೆ, ಸಾಲದ ಚಿಂತೆ. ಚಿಂತೆಯೂ ಇರಬಹುದು, ಆದರೆ ಚಿಂತೆ ಹಗಲೂ ಇರುತ್ತದೆ. ಈ ಕಾಟ ಮಾತ್ರ ದೀಪ ಹಚ್ಚುವ ಹೊತ್ತಿಗೆ ಬಂದು ಕೋಳಿ ಕೂಗುವ ಹೊತ್ತಿಗೆ ಹೋಗುತ್ತದೆ.

ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಕನ್ನಡದಲ್ಲಿ ಚಡಪಡಿಸುವ ಕಾಲಿನ ಕಾಯಿಲೆ ಎನ್ನಬಹುದು. ಕುಳಿತಲ್ಲಿ ಮಕ್ಕಳು ಕಾಲು ಅಲ್ಲಾಡಿಸಿದರೆ ಹಿರಿಯರು ‘ಕಾಲ ಅಳ್ಳಾಡಸಬ್ಯಾಡ, ಮನಿಗೆ ದರಿದ್ರ ಬರತೈತಿ’ ಎಂದು ಗದರುತ್ತಾರಲ್ಲ, ಅದು ಇದಲ್ಲ. ಅದು ಬರೀ ರೂಢಿ. ‘ಸಾಕು’ ಎಂದರೆ ನಿಲ್ಲುತ್ತದೆ. ಇಲ್ಲಿ ಕಾಲನ್ನು ಸುಮ್ಮನಿರಿಸುವುದೇ ಶಿಕ್ಷೆ.

ಕಾಯಿಲೆ ಹೊಸದೇನಲ್ಲ. ಮೆದುಳಿನ ತಳದಲ್ಲಿರುವ ರಕ್ತನಾಳಗಳ ವರ್ತುಲಕ್ಕೆ ಯಾರ ಹೆಸರಿದೆಯೋ ಆ ಇಂಗ್ಲಿಷ್ ವೈದ್ಯ ಥಾಮಸ್ ವಿಲಿಸ್ 1672ರಲ್ಲಿಯೇ ಲ್ಯಾಟಿನ್‌ನಲ್ಲಿ ಇದರ ವರ್ಣನೆ ಬರೆದಿಟ್ಟ. ಹಾಸಿಗೆಗೆ ಬಿದ್ದೊಡನೆ ಕೈಕಾಲು ಎಗರಿ ಸೆಳೆದು ನಿದ್ದೆಯೆಂಬುದೇ ಇಲ್ಲದಂತಾಗುವ ರೋಗಿಗಳ ಪಾಡನ್ನು ಅವನು ಚಿತ್ರಹಿಂಸೆಗೆ ಹೋಲಿಸಿದ್ದ. ಅವನು ಕೊಟ್ಟ ಮದ್ದು ಅಫೀಮು. 1861ರಲ್ಲಿ ಜರ್ಮನಿಯ ಥಿಯೋಡೋರ್ ವಿಟ್‌ಮಾಕ್ ಮೊಣಕಾಲ ಕೆಳಗಿನ ಎಲುಬಿಗೂ ಆತಂಕ ಹತ್ತಿದೆ ಎಂಬ ಅರ್ಥದ ಹೆಸರೊಂದನ್ನು ಇಟ್ಟು, ಅದನ್ನು ಮನಸ್ಸಿನ ಕಾಯಿಲೆಗಳ ಸಾಲಿಗೆ ಸೇರಿಸಿದ. ಇನ್ನೂ ಎಂಟು ದಶಕ ಕಳೆದ ಮೇಲೆ, 1945ರಲ್ಲಿ, ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬಾಮ್ ತಾನು ಕಂಡ ರೋಗಿಗಳನ್ನೆಲ್ಲ ಒಟ್ಟುಗೂಡಿಸಿ ಪುಸ್ತಕವನ್ನೇ ಬರೆದ. ಇಂದಿನ ಹೆಸರು ಅವನದೇ. ಅವನ ಹುಟ್ಟಿದ ದಿನವಾದ ಸೆಪ್ಟೆಂಬರ್ 23ನ್ನು ಈಗ ಈ ಕಾಯಿಲೆಯ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಎಕ್‌ಬಾಮ್ ಮಾಡಿದ ದೊಡ್ಡ ಕೆಲಸ ಹೆಸರಿಟ್ಟದ್ದಷ್ಟೇ ಅಲ್ಲ. ಬಸುರಿಯರಲ್ಲಿ, ರಕ್ತಹೀನತೆ ಇರುವವರಲ್ಲಿ, ಪದೇ ಪದೇ ರಕ್ತ ಕೊಡುವವರಲ್ಲಿ ಈ ಕಾಟ ಹೆಚ್ಚು ಎಂಬುದು ಅವನ ಕಣ್ಣಿಗೆ ಬಿತ್ತು. ಮೂರನ್ನೂ ಕೂಡಿಸುವ ದಾರ ಒಂದೇ: ಕಬ್ಬಿಣ.

ಕಬ್ಬಿಣ ಎಂದೊಡನೆ ಗಿಣಿಗೇರಾದ ಮಾತು ಬರಲೇಬೇಕು. ಹೊಸಪೇಟೆಯಿಂದ ಕೊಪ್ಪಳಕ್ಕೆ ರಾತ್ರಿ ಹೋಗುವವರಿಗೆ ತುಂಗಭದ್ರೆ ದಾಟಿದ ಮೇಲೆ ಬಲಗಡೆ ಎಡಗಡೆ ಆಕಾಶ ಕೆಂಪಾಗಿ ಕಾಣುತ್ತದೆ. ಸಂಡೂರು, ಬಳ್ಳಾರಿಯ ಅದಿರು ಇಲ್ಲಿನ ಕುಲುಮೆಗಳಲ್ಲಿ ಕರಗುತ್ತದೆ. ಗಿಣಿಗೇರಾದ ಮಗ್ಗುಲಲ್ಲಿ ಕಲ್ಯಾಣಿ ಸ್ಟೀಲ್ಸ್, ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಸುತ್ತ ಸಣ್ಣಪುಟ್ಟ ಸ್ಪಾಂಜ್ ಐರನ್ ಘಟಕಗಳು. ಊದುಕುಲುಮೆಗೆ ಹಗಲು ರಾತ್ರಿ ಇಲ್ಲ; ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಉರಿಯುತ್ತಲೇ ಇರಬೇಕು. ಅಲ್ಲಿ ಕಬ್ಬಿಣದ ಲೆಕ್ಕ ಟನ್ನುಗಳಲ್ಲಿ. ಅದೇ ಊರಿನ ಹೆಣ್ಣುಮಗಳೊಬ್ಬಳ ಮೈಯಲ್ಲಿ ಇರುವ ಒಟ್ಟು ಕಬ್ಬಿಣ ಹೆಚ್ಚೆಂದರೆ ಎರಡೂವರೆಯಿಂದ ಮೂರು ಗ್ರಾಂ. ತೊಲೆಗೆ ಹೊಡೆಯುವ ಒಂದು ಮೊಳೆಯ ತೂಕವೂ ಇಲ್ಲ. ಆ ಮೊಳೆ ಸವೆಯುವ ಬಗೆಯಲ್ಲೇ ಅರ್ಧ ಕಥೆ ಇದೆ.

ಊಟದಿಂದ ದಿನಕ್ಕೆ ದೇಹ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ. ಒಂದು ಬಸಿರು, ಹೆರಿಗೆಗೆ ಬೇಕಾಗುವುದು ಸುಮಾರು 1000 ಮಿಲಿಗ್ರಾಂ, ಅಂದರೆ ಇದ್ದ ಗಂಟಿನ ಮೂರನೆಯ ಒಂದು ಭಾಗ. ಒಂದು ಸಲ ರಕ್ತ ಕೊಟ್ಟರೆ 200ರಿಂದ 250 ಮಿಲಿಗ್ರಾಂ ಹೋಗುತ್ತದೆ. ಮುಟ್ಟಿನಲ್ಲಿ ಹೆಚ್ಚು ಹೋಗುವವರಿಗೆ ಪ್ರತಿ ತಿಂಗಳೂ ಒಂದಿಷ್ಟು ಖರ್ಚು. ಗಳಿಕೆ ಪೈಸೆಯಲ್ಲಿ, ಖರ್ಚು ರೂಪಾಯಿಯಲ್ಲಿ ಇದ್ದರೆ ಯಾವ ಸಂಸಾರ ತೂಗೀತು? ಜರ್ಮನಿಯ ಪೊಮರೇನಿಯಾ ಸೀಮೆಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ವಾರಸ್ಯದ ಸಂಗತಿ ತೋರಿಸಿತು. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೂಕಡಿಮೆ ಎರಡು ಪಟ್ಟು. ಆದರೆ ಹೆರಿಗೆಯೇ ಆಗದ ಹೆಂಗಸರನ್ನು ಬೇರೆ ತೆಗೆದು ನೋಡಿದರೆ ಅವರ ಲೆಕ್ಕ ಗಂಡಸರಷ್ಟೇ! ಹೆರಿಗೆ ಹೆಚ್ಚಿದಂತೆ ಕಾಟವೂ ಹೆಚ್ಚು. ‘ಹಡದು ಹಡದು ಕಾಲ ಬಿದ್ದುಹೋದುವು’ ಎಂದು ನಿಟ್ಟುಸಿರಿಡುವ ನಮ್ಮ ಮುದುಕಿಯರು ಇದನ್ನು ಲೆಕ್ಕವಿಲ್ಲದೆಯೇ ಹೇಳುತ್ತ ಬಂದಿದ್ದರು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಹಿಂದಿನ ಸುತ್ತಿನಲ್ಲಿ ಅದು ಶೇ 44.8 ಇತ್ತು. ಕಡಿಮೆಯಾಗಬೇಕಾದದ್ದು ಏರಿದೆ. ಇವರೆಲ್ಲರಿಗೂ ಕಾಲಿನ ಕಾಟ ಇದೆಯೆಂದಲ್ಲ. ಬೆಂಗಳೂರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಎರಡು ಮಂದಿಗೆ, ಕರಾರುವಾಕ್ಕಾಗಿ ಶೇ 2.1ರಷ್ಟು ಜನರಿಗೆ, ಈ ಕಾಯಿಲೆ ಕಂಡಿತ್ತು. ಯುರೋಪು, ಅಮೆರಿಕದಲ್ಲಿ ಇದು ಶೇ 5ರಿಂದ 10. ನಗರದ ಲೆಕ್ಕವನ್ನು ಹಳ್ಳಿಗೆ ಹಾಗೆಯೇ ಹಚ್ಚುವುದು ಸರಿಯಲ್ಲವಾದರೂ ಅಂದಾಜಿಗೆ ನೋಡೋಣ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನ 13.9 ಲಕ್ಷ, ಅದರಲ್ಲಿ ವಯಸ್ಕರು 9 ಲಕ್ಷ ಎಂದು ಹಿಡಿದರೂ ಸುಮಾರು 19 ಸಾವಿರ ಮಂದಿ. ಗಿಣಿಗೇರಾದಂಥ ದೊಡ್ಡ ಊರೇ ತುಂಬಿಹೋಗುವಷ್ಟು ಜನ ರಾತ್ರಿ ಅಂಗಳದಲ್ಲಿ ಓಡಾಡುತ್ತಿದ್ದಾರೆ. ಇವರಲ್ಲಿ ಎಷ್ಟು ಜನ ವೈದ್ಯರ ಬಳಿ ಹೋಗಿ ಇದನ್ನೇ ಹೇಳಿದ್ದಾರೆ? ಹೇಳಿದವರೂ ‘ಕಾಲು ನೋವು’ ಎಂದಷ್ಟೇ ಹೇಳಿ, ನೋವಿನ ಗುಳಿಗಿ ತೆಗೆದುಕೊಂಡು ಬಂದಿರುತ್ತಾರೆ. ‘ಕಾಲು ನೋವು’ ಎಂಬ ಎರಡು ಪದಗಳೊಳಗೆ ನಮ್ಮಲ್ಲಿ ಹತ್ತು ಕಾಯಿಲೆಗಳು ತೂರಿಕೊಂಡಿವೆ.

ಅವನ್ನು ಬಿಡಿಸಿ ನೋಡುವುದು ಈ ಜಿಲ್ಲೆಯಲ್ಲಿ ಬಹಳ ಮುಖ್ಯ. ಯಲಬುರ್ಗಾ, ಕುಷ್ಟಗಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಅದನ್ನೇ ಕುಡಿದವರ ಕೀಲು ಬಿಗಿದು, ಬೆನ್ನು ಬಾಗಿ, ಎದ್ದು ನಡೆಯುವುದೇ ಕಷ್ಟವಾಗುತ್ತದೆ. ಅಲ್ಲಿ ನಡಿಗೆ ನೋವನ್ನು ಹೆಚ್ಚಿಸುತ್ತದೆ. ಚಡಪಡಿಸುವ ಕಾಲಿಗೆ ನಡಿಗೆಯೇ ಮದ್ದು. ಗಂಗಾವತಿ, ಕಾರಟಗಿಯ ಭತ್ತದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿದವರ ಕಾಲಿನ ನರ ಉಬ್ಬಿ ಗಂಟಾಗಿದ್ದರೆ ನಿಂತಷ್ಟೂ ಭಾರ, ಕಾಲು ಎತ್ತಿಟ್ಟು ಮಲಗಿದರೆ ಹಾಯ್ ಎನಿಸುತ್ತದೆ. ಇದು ಚಡಪಡಿಕೆಗೆ ನೇರ ಉಲ್ಟಾ. ನಡುರಾತ್ರಿ ಮೀನಖಂಡ ಕಲ್ಲಿನಂತೆ ಗಂಟು ಕಟ್ಟಿ ಚೀರುವಂತಾಗುವುದು ಸ್ನಾಯು ಸೆಳೆತ. ಅದನ್ನು ಕೈಯಿಂದ ಮುಟ್ಟಿ ನೋಡಬಹುದು, ಎರಡು ನಿಮಿಷದಲ್ಲಿ ಬಿಡುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಉರಿ ಮತ್ತು ಮರಗಟ್ಟುವಿಕೆ ಹಗಲೂ ಇರುತ್ತದೆ, ಅಡ್ಡಾಡಿದರೂ ಹೋಗುವುದಿಲ್ಲ. ಹಾಗೆಂದು ಒಬ್ಬರಿಗೆ ಒಂದೇ ಕಾಯಿಲೆ ಇರಬೇಕೆಂಬ ನಿಯಮವೇನಿಲ್ಲ. ಸಕ್ಕರೆಯೂ ಇದ್ದು ಚಡಪಡಿಕೆಯೂ ಇರುವವರು ಸಿಗುತ್ತಾರೆ, ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಂತೂ ಈ ಕಾಟ ಬಹಳ. ನಾಲ್ಕು ತಾಸು ಯಂತ್ರದ ಪಕ್ಕ ಅಲುಗಾಡದೆ ಮಲಗಬೇಕಾದವರ ಗತಿ ಊಹಿಸಿ.

ಈ ಕಾಯಿಲೆಗೆ ರಕ್ತ ಪರೀಕ್ಷೆಯಾಗಲಿ ಎಕ್ಸ್‌ರೇಯಾಗಲಿ ಸಾಕ್ಷಿ ಹೇಳುವುದಿಲ್ಲ. ರೋಗಿಯ ಮಾತೇ ಸಾಕ್ಷಿ. ಕಾಲು ಆಡಿಸಲೇಬೇಕೆಂಬ ತಡೆಯಲಾರದ ಒತ್ತಡ, ಕುಳಿತಾಗ ಮಲಗಿದಾಗ ಅದು ಹೆಚ್ಚುವುದು, ನಡೆದರೆ ಜಾಡಿಸಿದರೆ ತಗ್ಗುವುದು, ಸಂಜೆ ರಾತ್ರಿ ಉಲ್ಬಣಿಸುವುದು: ಇವಿಷ್ಟೂ ಇದ್ದು, ಮೇಲೆ ಹೇಳಿದ ಬೇರೆ ಕಾರಣಗಳು ಇದನ್ನು ವಿವರಿಸದಿದ್ದರೆ ಕಾಯಿಲೆ ಗೊತ್ತಾದಂತೆಯೇ. ನಿದ್ದೆಯಲ್ಲಿ ಒದೆಯುವುದು ಇದರ ಸೋದರ ಸಂಬಂಧಿ. ಹತ್ತರಲ್ಲಿ ಎಂಟು ರೋಗಿಗಳಲ್ಲಿ ನಿದ್ದೆ ಹತ್ತಿದ ಮೇಲೆ 20ರಿಂದ 40 ಸೆಕೆಂಡಿಗೊಮ್ಮೆ ಗಡಿಯಾರ ಬಡಿದಂತೆ ಹೆಬ್ಬೆರಳು ಮೇಲೆದ್ದು, ಪಾದ ಮಡಚಿ, ಕಾಲು ಜಗ್ಗುತ್ತದೆ. ಕೌದಿ ಕಾಲ್ದೆಸೆಗೆ ಹೋಗುವುದು ಹೀಗೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಒದೆ ತಿಂದವರನ್ನೂ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಅವರಿಗೆ ಗೊತ್ತಿರುವುದು ರೋಗಿಗೇ ಗೊತ್ತಿರುವುದಿಲ್ಲ.

ಕಬ್ಬಿಣಕ್ಕೂ ಕಾಲಿಗೂ ಏನು ನಂಟು? ನಂಟು ಇರುವುದು ಮೆದುಳಿನಲ್ಲಿ. ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕವನ್ನು ಮೆದುಳು ತಯಾರಿಸಬೇಕಾದರೆ ಕಬ್ಬಿಣ ಬೇಕು. ಅಮೆರಿಕದ ಸಂಶೋಧಕರು 2003ರಲ್ಲಿ, ಈ ಕಾಯಿಲೆಯಿಂದ ನರಳಿ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದಾಗ ಡೋಪಮಿನ್ ತಯಾರಾಗುವ ಜಾಗದಲ್ಲೇ ಕಬ್ಬಿಣ ಕಡಿಮೆ ಇದ್ದದ್ದು ಕಂಡಿತು. ರಕ್ತದಲ್ಲಿ ಸಾಕಷ್ಟು ಕಬ್ಬಿಣ ಇದ್ದವರ ಮೆದುಳಿಗೂ ಅದು ತಲುಪದೆ ಇರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಮುನಿರಾಬಾದಿನಲ್ಲಿ ಜಲಾಶಯ ತುಂಬಿ ತುಳುಕುತ್ತಿರುತ್ತದೆ, ಕಾಲುವೆಯ ಕೊನೆ ಭಾಗದ ಹೊಲದಲ್ಲಿ ನೆಲ ಬಿರಿದಿರುತ್ತದೆ. ರಾತ್ರಿಯ ಕಾಟಕ್ಕೂ ಇಲ್ಲೇ ಕಾರಣವಿದೆ. ಡೋಪಮಿನ್‌ನ ಕೆಲಸ ದಿನದ ಗಡಿಯಾರಕ್ಕೆ ತಕ್ಕಂತೆ ಏರಿಳಿಯುತ್ತದೆ; ಸಂಜೆಯಿಂದ ಇಳಿಮುಖ. ಮೊದಲೇ ಕೊರತೆ ಇದ್ದಲ್ಲಿ ಇಳಿತ ಬಂದರೆ ಕಾಲು ತಕರಾರು ತೆಗೆಯುತ್ತದೆ. ಬೆಳಗಿನ ಜಾವ ಕಳೆದು ಬಿಸಿಲೇರುವ ಹೊತ್ತಿಗೆ ಎಲ್ಲ ಶಾಂತ. ಇದರ ಜೊತೆಗೆ ವಂಶವೂ ಇದೆ. 2007ರಲ್ಲಿ ಐಸ್‌ಲ್ಯಾಂಡ್ ಮತ್ತು ಜರ್ಮನಿಯ ಸಂಶೋಧಕರು ಬೇರೆ ಬೇರೆಯಾಗಿ ಈ ಕಾಯಿಲೆಗೆ ಸಂಬಂಧಿಸಿದ ಜೀನುಗಳನ್ನು ಗುರುತಿಸಿದರು. ‘ನಮ್ಮವ್ವಗೂ ಹಿಂಗ ಆಗತಿತ್ತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ.

ಈಗ ಪರಿಹಾರದ ಮಾತು. ಎಲ್ಲಕ್ಕಿಂತ ಮೊದಲು ಮಾಡಿಸಬೇಕಾದದ್ದು ಫೆರಿಟಿನ್ ಎಂಬ ರಕ್ತ ಪರೀಕ್ಷೆ. ‘ರಕ್ತ 11 ಐತಿ, ಚಲೋ ಐತಿ’ ಎಂದು ಹಿಮೋಗ್ಲೋಬಿನ್ ನೋಡಿ ಕಳಿಸಿದರೆ ಅರ್ಧ ಕೆಲಸ. ಹಿಮೋಗ್ಲೋಬಿನ್ ಎಂದರೆ ಅಡುಗೆಮನೆಯ ಗಡಿಗೆಯಲ್ಲಿರುವ ಜೋಳ. ಫೆರಿಟಿನ್ ಎಂದರೆ ಅಂಗಳದ ಹಗೇವಿನಲ್ಲಿ ಹುಗಿದಿಟ್ಟ ಜೋಳ. ಮನೆಯಾಕೆ ಹಗೇವನ್ನು ಬರಿದು ಮಾಡಿಯಾದರೂ ಗಡಿಗೆಯನ್ನು ತುಂಬಿಡುತ್ತಾಳೆ, ಹೊರಗಿನವರಿಗೆ ಸಂಸಾರ ಸಮೃದ್ಧವಾಗಿಯೇ ಕಾಣುತ್ತದೆ. ಹಲವು ಪ್ರಯೋಗಾಲಯಗಳು ‘ಸರಿಯಿದೆ’ ಎಂದು ಬರೆಯುವ ಫೆರಿಟಿನ್ ಮಟ್ಟ ಈ ಕಾಯಿಲೆಗೆ ಸಾಲದು ಎಂಬುದು ಇನ್ನೊಂದು ತೊಡಕು. ವರದಿಯಲ್ಲಿ 20 ಅಥವಾ 30 ಇದ್ದರೂ ಕೆಂಪು ಗುರುತು ಬೀಳದೆ ಇರಬಹುದು. ಚಡಪಡಿಸುವ ಕಾಲಿನವರಲ್ಲಿ ಅದು 75ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿ ಕೂತಿರುತ್ತದೆ. ಮೈ ಹುಷಾರಿದ್ದಾಗ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿದರೆ ಲೆಕ್ಕ ಸರಿ ಸಿಗುತ್ತದೆ. ಖಾಸಗಿಯಲ್ಲಿ ಇದಕ್ಕೆ ಕೆಲವು ನೂರು ರೂಪಾಯಿ. ವರ್ಷಗಟ್ಟಲೆ ನುಂಗುವ ನೋವಿನ ಗುಳಿಗಿಗಳ ಎದುರು ಇದು ಅಗ್ಗವೇ.

ಕಬ್ಬಿಣದ ಮಾತ್ರೆ ನಮ್ಮಲ್ಲಿ ಅಪರೂಪದ ವಸ್ತುವಲ್ಲ. ಅನೀಮಿಯಾ ಮುಕ್ತ ಭಾರತ ಯೋಜನೆಯಡಿ ಬಸುರಿಯರಿಗೆ 60 ಮಿಲಿಗ್ರಾಂ ಕಬ್ಬಿಣದ ಕೆಂಪು ಮಾತ್ರೆ, ಶಾಲೆಯ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ ಬರುತ್ತದೆ. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುತ್ತಾರೆ. ಬಂದ ಮಾತ್ರೆ ಹೊಟ್ಟೆಗೆ ಹೋಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ‘ಹೊಟ್ಟಿ ತೊಳಸತೈತಿ, ಕರ್ರಗ ಹೋಗತೈತಿ’ ಎಂದು ದೇವರ ಜಗುಲಿಯ ಹಿಂದೆ ಸೇರಿದ ಮಾತ್ರೆಗಳಿಗೆ ಲೆಕ್ಕವಿಲ್ಲ. ನುಂಗಿದವರಲ್ಲೂ ಹಲವರು ಅದನ್ನು ಚಾ ಜೊತೆ ನುಂಗುತ್ತಾರೆ. ಚಾದಲ್ಲಿರುವ ಒಗರು ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಲಿಂಬೆ ಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಹೆಚ್ಚು ಹೀರಿಕೊಳ್ಳುತ್ತದೆ, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಡಬೇಕು. ಹೊಟ್ಟೆ ತೊಳಸುವವರಿಗೆ ಒಂದು ಸಮಾಧಾನದ ಸಂಗತಿ ಇದೆ: ಕಬ್ಬಿಣ ಹೊಟ್ಟೆಗೆ ಬಿದ್ದ ಮೇಲೆ ದೇಹ ಒಂದು ದಿನ ಬಾಗಿಲು ಅರ್ಧ ಮುಚ್ಚುತ್ತದೆ, ಹಾಗಾಗಿ ದಿನ ಬಿಟ್ಟು ದಿನ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಒಳಸೇರುವ ಪಾಲು ಹೆಚ್ಚು ಎಂದು 2017ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಪ್ರಯೋಗ ತೋರಿಸಿದೆ. ವೈದ್ಯರನ್ನು ಕೇಳಿ ಹೀಗೆ ಮಾಡಿಕೊಳ್ಳಬಹುದು. ಪರೀಕ್ಷೆ ಮಾಡಿಸದೆ ತಾವಾಗಿ ಕಬ್ಬಿಣ ನುಂಗುವುದು ಮಾತ್ರ ಬೇಡ. ಕೆಲವರ ದೇಹದಲ್ಲಿ ಕಬ್ಬಿಣ ಮೊದಲೇ ಹೆಚ್ಚಿರುತ್ತದೆ, ಅವರಿಗೆ ಅದು ವಿಷ. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಹಗೇವು ಬರಿದಾಗಿದ್ದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೂ ಅಷ್ಟೇ ಮುಖ್ಯ: ಮೂಲವ್ಯಾಧಿಯೋ, ಹೊಟ್ಟೆಯ ಹುಣ್ಣೋ, ಇನ್ನೇನೋ.

ಮಾತ್ರೆಯಿಂದ ಹಗೇವು ತುಂಬಲು ತಿಂಗಳುಗಳು ಬೇಕು. ಮಾತ್ರೆ ಒಗ್ಗದವರಿಗೆ, ಕಾಟ ತೀವ್ರವಾಗಿರುವವರಿಗೆ ಸಲೈನ್‌ನಂತೆ ನರದ ಮೂಲಕ ಕಬ್ಬಿಣ ಏರಿಸುತ್ತಾರೆ. 1950ರ ದಶಕದಲ್ಲೇ ಸ್ವೀಡನ್ನಿನ ನಿಲ್ಸ್ ನಾರ್ಡ್‌ಲಾಂಡರ್ ಇದನ್ನು ಮಾಡಿ ತೋರಿಸಿದ್ದ. ಆಮೇಲೆ ಜಗತ್ತು ಮರೆತಿತ್ತು. ಈಗ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಔಷಧದ ರೂಪದಲ್ಲಿ ಅದೇ ಹಳೆಯ ಉಪಾಯ ಮರಳಿದೆ. ಏರಿಸಿದ ರಾತ್ರಿಯೇ ಕಾಲು ಸುಮ್ಮನಾಗುವುದಿಲ್ಲ. ನಾಲ್ಕರಿಂದ ಹನ್ನೆರಡು ವಾರ ಕಾಯಬೇಕು.

ಊಟದ ಮಾತು ಬಂದರೆ ಕುಷ್ಟಗಿ ಯಲಬುರ್ಗಾದವರು ಹೊರಗೆ ಹುಡುಕಬೇಕಿಲ್ಲ. ಚಳಿಗಾಲದಲ್ಲಿ ಎಳ್ಳು ಹಚ್ಚಿ ಬಡಿಯುವ ಸಜ್ಜೆ ರೊಟ್ಟಿ ಇದೆಯಲ್ಲ, ಆ ಸಜ್ಜೆಯ 100 ಗ್ರಾಂನಲ್ಲಿ 6 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದರ ಆಸುಪಾಸು. ಕಾಲುವೆ ಬಂದ ಮೇಲೆ ಸೀಮೆಯ ತಾಟಿನಲ್ಲಿ ಅನ್ನ ಹೆಚ್ಚಿ ಸಜ್ಜೆ ಕಡಿಮೆಯಾಯಿತು ಎಂದು ಹಿರಿಯರು ಹೇಳುವುದರಲ್ಲಿ ಬರೀ ಹಳಹಳಿಕೆ ಇಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಒಮ್ಮೆ ಬರಿದಾದ ಹಗೇವನ್ನು ರೊಟ್ಟಿ, ಪುಂಡಿಪಲ್ಲೆಗಳಿಂದಲೇ ತುಂಬಲಾಗದು. ಊಟ ಇದ್ದದ್ದನ್ನು ಉಳಿಸುತ್ತದೆ, ಹೋದದ್ದನ್ನು ತರಲು ಔಷಧವೇ ಬೇಕು.

ಎರಡನೆಯ ಕೆಲಸ, ಈಗಾಗಲೇ ನುಂಗುತ್ತಿರುವ ಗುಳಿಗಿಗಳ ಚೀಟಿ ಬಿಚ್ಚಿ ನೋಡುವುದು. ನೆಗಡಿಗೆ, ತುರಿಕೆಗೆ ಅಂಗಡಿಯಲ್ಲಿ ಕೇಳಿ ಪಡೆಯುವ, ಮಂಪರು ಬರಿಸುವ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್ ತರಹದ ಔಷಧಗಳು, ವಾಂತಿ ನಿಲ್ಲಿಸುವ ಮೆಟೋಕ್ಲೋಪ್ರಮೈಡ್, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಈ ಕಾಟವನ್ನು ಕೆರಳಿಸುತ್ತವೆ. ವಿಪರ್ಯಾಸ ನೋಡಿ: ನಿದ್ದೆ ಬಾರದೆಂದು ಮಂಪರಿನ ನೆಗಡಿ ಗುಳಿಗಿ ನುಂಗಿದವರಿಗೆ ಕಣ್ಣು ಎಳೆಯುತ್ತದೆ, ಕಾಲು ಮಾತ್ರ ಇಮ್ಮಡಿ ಕುಣಿಯುತ್ತದೆ. ಖಿನ್ನತೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯ. ಬರೆದ ವೈದ್ಯರಿಗೆ ಕಾಲಿನ ವಿಷಯ ಹೇಳಿ ಬದಲಿಸಿಕೊಳ್ಳಬಹುದು. ರಾತ್ರಿ ಕುಡಿತ ಕಾಟವನ್ನು ಹೆಚ್ಚಿಸುತ್ತದೆ. ಸಂಜೆಯ ಚಾ, ಕಾಫಿ ಕೆಲವರಿಗೆ ಆಗಿಬರುವುದಿಲ್ಲ, ಎರಡು ವಾರ ಬಿಟ್ಟು ನೋಡಿದರೆ ತಾನೇ ತಿಳಿಯುತ್ತದೆ.

ಇಷ್ಟೂ ಮಾಡಿ ಸಾಲದಿದ್ದಾಗ ಔಷಧ. ಇಲ್ಲೊಂದು ಪಾಠದ ಕಥೆ ಇದೆ. ಟರ್ಕಿಯ ವೈದ್ಯ ಅಕ್‌ಪಿನಾರ್ 1982ರಲ್ಲಿ, ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ ಲೆವೊಡೋಪಾ ಈ ಕಾಲುಗಳನ್ನೂ ಸುಮ್ಮನಾಗಿಸುತ್ತದೆ ಎಂದು ವರದಿ ಮಾಡಿದ. ಮುಂದೆ ಅದೇ ದಾರಿಯಲ್ಲಿ ರೋಪಿನಿರೋಲ್ 2005ರಲ್ಲಿ, ಪ್ರಮಿಪೆಕ್ಸೋಲ್ 2006ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಅನುಮತಿ ಪಡೆದವು. ಮೊದಲ ರಾತ್ರಿಯೇ ಪವಾಡದಂತೆ ನಿದ್ದೆ. ರೋಗಿಗಳು ವೈದ್ಯರ ಕಾಲಿಗೆ ಬಿದ್ದಿದ್ದರೂ ಆಶ್ಚರ್ಯವಿಲ್ಲ. ಆದರೆ ವರ್ಷಗಳು ಉರುಳಿದಂತೆ ರಾತ್ರಿ 10ಕ್ಕೆ ಬರುತ್ತಿದ್ದ ಕಾಟ ಸಂಜೆ 6ಕ್ಕೆ, ಆಮೇಲೆ ಮಧ್ಯಾಹ್ನಕ್ಕೆ ಬರತೊಡಗಿತು. ಕಾಲಿನಿಂದ ಕೈಗೂ ಹಬ್ಬಿತು. ಔಷಧದ ಪ್ರಮಾಣ ಹೆಚ್ಚಿಸಿದಷ್ಟೂ ಕಾಟವೂ ಹೆಚ್ಚು. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಇನ್ನು ಕೆಲವರಿಗೆ ಜೂಜಿನ, ಕೊಳ್ಳುವ ಹುಚ್ಚು ಹತ್ತಿತು. ಜೀವಮಾನದಲ್ಲಿ ಇಸ್ಪೀಟು ಮುಟ್ಟದವರು ಮನೆ ಕಳೆದುಕೊಳ್ಳುವ ಮಟ್ಟಕ್ಕೆ ಹೋದದ್ದು ದಾಖಲಾಗಿದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2025ರಲ್ಲಿ ಹೊರತಂದ ಮಾರ್ಗಸೂಚಿ ಈ ಔಷಧಗಳನ್ನು ಮೊದಲ ಪಂಕ್ತಿಯಿಂದ ಎಬ್ಬಿಸಿ, ಆ ಜಾಗದಲ್ಲಿ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ತರಹದ ಔಷಧಗಳನ್ನೂ ನರದ ಮೂಲಕ ಕೊಡುವ ಕಬ್ಬಿಣವನ್ನೂ ಕೂರಿಸಿದೆ. ಇವುಗಳಿಗೂ ತಲೆಸುತ್ತು, ಮಂಪರು, ಕಾಲು ಊತದಂಥ ಕಿರಿಕಿರಿ ಇದೆ. ವಯಸ್ಸಾದವರು ರಾತ್ರಿ ಎದ್ದಾಗ ಬೀಳದಂತೆ ಜೋಪಾನ. ಹಳೆಯ ಔಷಧವನ್ನೇ ನುಂಗುತ್ತಿರುವವರು ಇದನ್ನೋದಿ ನಾಳೆಯೇ ನಿಲ್ಲಿಸಬಾರದು. ಅದನ್ನು ಇಳಿಸುವುದಕ್ಕೂ ಕ್ರಮ ಇದೆ. ಬಸುರಿಯರಿಗೆ ಬೇರೆಯದೇ ಲೆಕ್ಕ: ಐವರಲ್ಲಿ ಒಬ್ಬರಿಗೆ ಕೊನೆಯ ಮೂರು ತಿಂಗಳಲ್ಲಿ ಈ ಕಾಟ ಬರುತ್ತದೆ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲರಿಗೂ ಹೋಗುತ್ತದೆ. ಅವರಿಗೆ ಕಬ್ಬಿಣವೇ ಮೊದಲ ಮದ್ದು, ಉಳಿದದ್ದು ವೈದ್ಯರ ತೀರ್ಮಾನ.

ಮನೆಮದ್ದುಗಳನ್ನು ಹೀಗಳೆಯುವ ರೂಢಿ ಅಂಕಣಕಾರರಿಗಿದೆ. ಈ ಕಾಯಿಲೆಯಲ್ಲಿ ಹಾಗೆ ಮಾಡಿದರೆ ತಪ್ಪಾಗುತ್ತದೆ. ನಮ್ಮ ಅಜ್ಜಿಯರು ಹಳೆ ಸೀರೆಯ ಅಂಚು ಹರಿದು ಮೀನಖಂಡಕ್ಕೆ ಬಿಗಿದು ಕಟ್ಟಿಕೊಂಡು ಮಲಗುತ್ತಿದ್ದರು. 2009ರಲ್ಲಿ ಅಮೆರಿಕದ ಸಂಶೋಧಕರು ಗಾಳಿ ತುಂಬಿ ಕಾಲನ್ನು ಒತ್ತುವ ಪಟ್ಟಿಗಳನ್ನು ಪರೀಕ್ಷಿಸಿದಾಗ ರೋಗಿಗಳಿಗೆ ಆರಾಮ ಸಿಕ್ಕಿತು. ಒತ್ತಡದ ಉಪಾಯ ಅದೇ, ಪಟ್ಟಿಯ ಬೆಲೆ ಮಾತ್ರ ಬೇರೆ. (ಸೀರೆಯ ಪಟ್ಟಿ ರಕ್ತ ಓಡದಷ್ಟು ಬಿಗಿಯಾಗಬಾರದು, ಸಕ್ಕರೆ ಕಾಯಿಲೆಯವರು ಆ ಗೋಜಿಗೇ ಹೋಗಬಾರದು.) ಮೊಮ್ಮಕ್ಕಳನ್ನು ಕರೆದು ‘ಸ್ವಲ್ಪ ಕಾಲ ತುಳಿಯೋ’ ಎನ್ನುವುದು, ಬಿಸಿನೀರು ಹೊಯ್ದುಕೊಳ್ಳುವುದು, ಎಣ್ಣೆ ಹಚ್ಚಿ ತಿಕ್ಕುವುದು, ಕೆಲವರಿಗೆ ತಣ್ಣನೆಯ ಗಚ್ಚಿನ ಮೇಲೆ ಬರಿಗಾಲಲ್ಲಿ ನಿಲ್ಲುವುದು, ಇವೆಲ್ಲ ಆ ಹೊತ್ತಿಗೆ ಕೆಲಸ ಮಾಡುತ್ತವೆ. ಅಮೆರಿಕದಲ್ಲಿ ಹಾಸಿಗೆಯ ಕೆಳಗೆ ಸಾಬೂನಿನ ಬಿಲ್ಲೆ ಇಟ್ಟು ಮಲಗುವವರಿದ್ದಾರೆ. ಅದಕ್ಕೆ ಆಧಾರವಿಲ್ಲ, ಅಪಾಯವೂ ಇಲ್ಲ. ಮೂಢನಂಬಿಕೆ ನಮ್ಮೊಬ್ಬರ ಗುತ್ತಿಗೆಯಲ್ಲ ಎಂಬ ಸಮಾಧಾನ ಇದೆ.

ವ್ಯಾಯಾಮಕ್ಕೆ ಆಧಾರ ಇದೆ. 2006ರ ಒಂದು ಪ್ರಯೋಗದಲ್ಲಿ ವಾರಕ್ಕೆ ಮೂರು ದಿನ ನಡಿಗೆ ಮತ್ತು ಕಾಲಿನ ಬಲದ ವ್ಯಾಯಾಮ ಮಾಡಿದವರಲ್ಲಿ 12 ವಾರದ ಹೊತ್ತಿಗೆ ಕಾಟ ಗಣನೀಯವಾಗಿ ತಗ್ಗಿತ್ತು. ಆದರೆ ಹೊಲದಲ್ಲಿ ದಿನವಿಡೀ ದುಡಿದವರಿಗೆ ವ್ಯಾಯಾಮದ ಉಪದೇಶ ಮಾಡುವುದು ತಮಾಷೆಯಾದೀತು. ಅವರಿಗೆ ಮಿತಿಮೀರಿದ ದಣಿವೇ ಕಾಟವನ್ನು ಹೆಚ್ಚಿಸುತ್ತದೆ. ಕುಲುಮೆಯ ಪಾಳಿಯವರಿಗೆ ಇನ್ನೊಂದು ಕಷ್ಟ: ಒಂದು ವಾರ ಹಗಲು, ಒಂದು ವಾರ ರಾತ್ರಿ. ನಿದ್ದೆಗೆಟ್ಟಷ್ಟೂ ಈ ಕಾಯಿಲೆ ಕೆರಳುತ್ತದೆ, ಕೆರಳಿದಷ್ಟೂ ನಿದ್ದೆ ಕೆಡುತ್ತದೆ. ಇಂಥವರಿಗೆ ಪಾಳಿ ಬದಲಾವಣೆಯ ಬಗ್ಗೆ ವೈದ್ಯರ ಚೀಟಿ ಒಂದು ಮಾತ್ರೆಯಷ್ಟೇ ಬೆಲೆಯುಳ್ಳದ್ದು.

ಮನಸ್ಸು ಒಂದು ಕೆಲಸದಲ್ಲಿ ಮುಳುಗಿದರೆ ಕಾಲು ಸುಮ್ಮನಾಗುತ್ತದೆ ಎಂಬುದು ಈ ಕಾಯಿಲೆಯ ವಿಚಿತ್ರ ಗುಣ. ಟಿವಿ ಮುಂದೆ ಕೂತರೆ ಕಾಟ. ಚೌಕಾಬಾರಾ ಆಡಲು ಕೂತರೆ, ಲೆಕ್ಕ ಬಿಡಿಸಲು ಕೂತರೆ, ಸೂಜಿದಾರ ಹಿಡಿದು ಕೌದಿ ಹೊಲಿಯಲು ಕೂತರೆ ಒಂದು ತಾಸು ಗೊತ್ತೇ ಆಗುವುದಿಲ್ಲ. ಬಯಲಾಟ ನೋಡುತ್ತ ಬೆಳಗು ಮಾಡಲಾಗದವರು, ಅದೇ ಬಯಲಾಟದಲ್ಲಿ ವೇಷ ಕಟ್ಟಿದರೆ ಆರಾಮವಾಗಿ ಬೆಳಗು ಮಾಡಿಯಾರು.

ಎಲ್ಲಿಗೆ ಹೋಗಬೇಕು? ಮೊದಲ ಮೆಟ್ಟಿಲಿಗೆ ದೊಡ್ಡ ಊರು ಬೇಡ. ಫೆರಿಟಿನ್, ಸಕ್ಕರೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ ಕಬ್ಬಿಣ ಶುರುಮಾಡಲು ಯಾವ ಫಿಜಿಷಿಯನ್ ಆದರೂ ಸಾಕು. ಕೊಪ್ಪಳದಲ್ಲಿಯೇ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಅಲ್ಲಿ ‘ಕಾಲು ನೋವು’ ಎಂದು ಹೇಳದೆ, ‘ಮಲಗಿದ್ರ ಬರತೈತಿ, ಅಡ್ಡಾಡಿದ್ರ ಹೋಗತೈತಿ, ಹಗಲ ಇರೂದಿಲ್ಲ’ ಎಂದು ಹೇಳಿದರೆ ಅರ್ಧ ರೋಗನಿದಾನ ರೋಗಿಯೇ ಮಾಡಿದಂತೆ. ಬಗ್ಗದ ಕಾಯಿಲೆಗೆ ನರರೋಗ ತಜ್ಞರು ಬೇಕು, ಅದಕ್ಕೆ ಹುಬ್ಬಳ್ಳಿ, ಬಳ್ಳಾರಿ ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್.

ನಿಮ್ಹಾನ್ಸ್‌ಗೆ ಹೋಗುವವರು ಸಂಜೆ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾರೆ. ರೈಲು ಹೊರಟು ಗಿಣಿಗೇರಾದ ಕುಲುಮೆಗಳ ಬೆಳಕು ಕಿಟಕಿಯಲ್ಲಿ ಸರಿಯುವ ಹೊತ್ತಿಗೆ ಕಾಲು ಮಾತು ಶುರುಮಾಡಿರುತ್ತದೆ. ಅನುಭವಸ್ಥರು ಮೇಲಿನ ಬರ್ತ್ ಕೇಳುವುದಿಲ್ಲ. ಹಾದಿಗೆ ಹತ್ತಿರದ ಕೆಳಗಿನ ಬರ್ತ್ ಹಿಡಿದು, ಹೊಸಪೇಟೆ, ಬಳ್ಳಾರಿ, ಗುಂತಕಲ್ಲಿನವರೆಗೆ ಬೋಗಿಯ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಾರೆ. ಮಲಗಿದವರ ಚಾಚಿದ ಪಾದಗಳನ್ನು ತಪ್ಪಿಸುತ್ತ, ಟಿಟಿಇಯ ಅನುಮಾನದ ನೋಟಕ್ಕೆ ನಗುತ್ತ. ಹಿಂದೂಪುರ ದಾಟಿದ ಮೇಲೆ ಕಾಲು ತಾನಾಗಿ ತಣ್ಣಗಾಗಿ, ಕಣ್ಣಿಗೆ ನಿದ್ದೆ ಹತ್ತುತ್ತದೆ. ಅಷ್ಟರಲ್ಲಿ ಯಲಹಂಕ ಬಂದಿರುತ್ತದೆ.